ದಡಿ ಇಲ್ಲದ ಬಟ್ಟೆ: ನಾಲ್ಕು ತಿಂಗಳು ಸುತ್ತಿ ನೋಡಿದ ಬ್ಯಾಂಡೇಜ್ ಸುರುಳಿಗಳ ಬಗ್ಗೆ

ಅಪ್ಪನ ಬಲಗಾಲಿನ ಎರಡನೇ ಬೆರಳು ತೆಗೆದ ಮೇಲೆ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಡ್ರೆಸಿಂಗ್. ಸಕ್ಕರೆ ಕಾಯಿಲೆಯ ಗಾಯ. ಹೊಲಿಗೆ ಹಾಕದೆ ತೆರೆದೇ ಬಿಟ್ಟಿದ್ದರು, ಒಳಗಿನಿಂದ ತುಂಬಿಕೊಂಡು ಬರಬೇಕು ಅಂತ. ಮೊದಲ ಎರಡು ವಾರ ನಮ್ಮ ಓಣಿಯ ಕ್ಲಿನಿಕ್ಕಿನ ಸಿಸ್ಟರ್ ಮನೆಗೆ ಬಂದು ಕಟ್ಟಿದರು. ಆಮೇಲೆ ನಾನೇ ಕಲಿತೆ. ಒಟ್ಟು ನಾಲ್ಕು ತಿಂಗಳು. ಅಷ್ಟು ದಿನದಲ್ಲಿ ಹುಬ್ಬಳ್ಳಿಯ ಮೆಡಿಕಲ್ ಅಂಗಡಿಗಳಲ್ಲಿ ಸಿಗುವ ಹಲವು ಥರದ ಬ್ಯಾಂಡೇಜ್ ಸುರುಳಿಗಳನ್ನು ತಂದು, ಸುತ್ತಿ, ಬಿಚ್ಚಿ, ಅಳೆದು, ನೀರಲ್ಲಿ ಹಾಕಿ ನೋಡಿದ್ದೇನೆ. ಮಿಕ್ಸರ್, ಮೊಬೈಲ್ ತಗೊಂಡರೆ ಎಲ್ಲರೂ ರಿವ್ಯೂ ಬರೆಯುತ್ತಾರೆ. 20 ರೂಪಾಯಿಯ ಬ್ಯಾಂಡೇಜ್ ಬಗ್ಗೆ ಕನ್ನಡದಲ್ಲಿ ಒಬ್ಬರೂ ಬರೆದದ್ದು ನನಗೆ ಸಿಗಲಿಲ್ಲ. ಬೇಕಾಗಿದ್ದಾಗ ಸಿಗಲಿಲ್ಲ ಅನ್ನುವ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇನ್ನೊಂದು ಕಾರಣ ಅಪ್ಪ. ಅವರು ಗದಗ-ಬೆಟಗೇರಿಯವರು, 40 ವರ್ಷ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವರು. ಬಟ್ಟೆ ಕೈಗೆ ಬಂದರೆ ಮೊದಲು ಅಂಚು ಮುಟ್ಟಿ ನೋಡುತ್ತಾರೆ. ಆಸ್ಪತ್ರೆಯಿಂದ ಬಂದ ದಿನ ಸಿಸ್ಟರ್ ಅವರ ಕಾಲಿಗೆ ಸುತ್ತುತ್ತಿದ್ದಾಗ, ಮಲಗಿದ್ದಲ್ಲೇ ಸುರುಳಿಯ ತುದಿ ಹಿಡಿದು ಬೆರಳಲ್ಲಿ ಉಜ್ಜಿ, "ಯವ್ವಾ, ಇದಕ್ಕ ದಡೀನ ಇಲ್ಲಲಾ" ಅಂದರು. ದಡಿ ಅಂದರೆ ಬಟ್ಟೆಯ ನೇಯ್ದ ಅಂಚು. ನನಗೆ ಆಗ ಅದು ಗೊತ್ತಾಗಲಿಲ್ಲ. ಹತ್ತು ದಿನ ಆದ ಮೇಲೆ ಗೊತ್ತಾಯಿತು.

ಮೊದಲು ಸಾದಾ ಗಾಜ್ ಬ್ಯಾಂಡೇಜ್ ವಿಷಯ. ಗಾಜ್ ಅಂದರೆ ಜಾಳಾಗಿ ನೇಯ್ದ ಹತ್ತಿ ಬಟ್ಟೆ. ಅಂಗಡಿಯಲ್ಲಿ ರೋಲರ್ ಬ್ಯಾಂಡೇಜ್ ಅಂತ ಕೇಳಿದರೂ ಕೊಡುತ್ತಾರೆ. 2 ಇಂಚು, 4 ಇಂಚು, 6 ಇಂಚು ಅಗಲದಲ್ಲಿ ಸಿಗುತ್ತದೆ. ಪಾದಕ್ಕೆ 4 ಇಂಚಿನದು ಸರಿ, ಬೆರಳಿಗೆ 2 ಇಂಚು ಸಾಕು. ನಾನು ವಿದ್ಯಾನಗರದಲ್ಲಿ, ಕಿಮ್ಸ್ ಆಸ್ಪತ್ರೆಯ ಸುತ್ತಮುತ್ತಲಿನ ಅಂಗಡಿಗಳಲ್ಲಿ 4 ಇಂಚಿನದಕ್ಕೆ 15ರಿಂದ 25 ರೂಪಾಯಿ ಕೊಟ್ಟಿದ್ದೇನೆ. ಒಳ್ಳೆಯದನ್ನೂ ಹೇಳಬೇಕು. ಹಗುರ, ಗಾಳಿಯಾಡುತ್ತದೆ, ಹತ್ತಿ ಆದ್ದರಿಂದ ತುರಿಕೆ ಇಲ್ಲ. ಎಳೆದರೆ ಹಿಗ್ಗುವುದಿಲ್ಲ, ಹಾಗಾಗಿ ಕಟ್ಟಿದ ಮೇಲೆ ತಾನಾಗಿ ಬಿಗಿಯಾಗುತ್ತಾ ಹೋಗುವ ಭಯ ಕಡಿಮೆ. ದಿನಾ ಹೊಸದು ಹಾಕಿದರೂ ಬಡವರಿಗೆ ಕೈಗೆಟುಕುವ ಬೆಲೆ.

ಕೆಟ್ಟದ್ದು ಅಂಚು. ಮಗ್ಗದಲ್ಲಿ ಲಾಳಿ ಆ ಕಡೆ ಹೋಗಿ ಈ ಕಡೆ ತಿರುಗಿ ಬರುವಾಗ ಹೊಕ್ಕಿನ, ಅಂದರೆ ಅಡ್ಡದ, ನೂಲು ಅಂಚಿನಲ್ಲಿ ಮಡಚಿಕೊಳ್ಳುತ್ತದೆ. ಅಲ್ಲಿ ಬಟ್ಟೆ ತಾನಾಗಿಯೇ ಮುಚ್ಚುತ್ತದೆ, ಎಳೆ ಬಿಚ್ಚುವುದಿಲ್ಲ. ಆದರೆ ಅಗ್ಗದ ಬ್ಯಾಂಡೇಜ್‌ಗಳನ್ನು ಹಾಗೆ ನೇಯುವುದಿಲ್ಲ. ಅಗಲವಾದ ಬಟ್ಟೆ ನೇಯ್ದು, ಸುತ್ತಿ, 4 ಇಂಚಿಗೆ ಒಂದರಂತೆ ಕತ್ತರಿಸುತ್ತಾರೆ. ಕತ್ತರಿಸಿದ ಕಡೆ ಹೊಕ್ಕು ತುಂಡಾಗಿರುತ್ತದೆ. ಪಕ್ಕದ ಹಾಸಿನ, ಅಂದರೆ ಉದ್ದದ, ಎಳೆಯನ್ನು ಹಿಡಿದಿಡಲು ಏನೂ ಇಲ್ಲ. ಸುತ್ತುವಾಗ ಸ್ವಲ್ಪ ಎಳೆದರೆ ಸಾಕು, ಉದ್ದಕ್ಕೆ ಒಂದು ಮಾರು ನೂಲು ಬಿಚ್ಚಿಕೊಂಡು ಬರುತ್ತದೆ. ಸಣ್ಣ ತುಣುಕುಗಳು ಗಾಯದ ಮೇಲೆ ಉದುರುತ್ತವೆ. ಸಿಸ್ಟರ್ ಚಿಮಟದಿಂದ ಒಂದೊಂದೇ ಎಳೆ ತೆಗೆಯುತ್ತಿದ್ದರು. ನಾನು ತೆಗೆಯಲು ಹೋದರೆ ಕೈ ನಡುಗುತ್ತಿತ್ತು.

ಹನ್ನೊಂದನೇ ದಿನ ಬೆಳಿಗ್ಗೆ ಬಿಚ್ಚಿದಾಗ ಅಪ್ಪನ ಮೂರನೇ ಬೆರಳು ಕೆಂಪಗೆ ಊದಿತ್ತು. ಗಾಯ ಆ ಬೆರಳಲ್ಲಿ ಇರಲೇ ಇಲ್ಲ. ಹತ್ತಿರ ಹಿಡಿದು ನೋಡಿದರೆ ಬುಡದಲ್ಲಿ ಒಂದೇ ಒಂದು ಎಳೆ, ಎರಡು ಸುತ್ತು ಸುತ್ತಿಕೊಂಡು ಚರ್ಮಕ್ಕೆ ಗೀರು ಬೀಳುವಷ್ಟು ಬಿಗಿಯಾಗಿತ್ತು. ರಾತ್ರಿ ಅವರು ಕಾಲು ಆಡಿಸಿದಂತೆಲ್ಲ ಅಂಚಿನಿಂದ ಬಿಚ್ಚಿದ ನೂಲು ಬೆರಳಿಗೆ ಬಿಗಿದುಕೊಂಡಿತ್ತು. ಪುಟ್ಟ ಮಕ್ಕಳ ಬೆರಳಿಗೆ ಕೂದಲು ಸುತ್ತಿಕೊಂಡು ಹೀಗಾಗುತ್ತದೆ ಅಂತ ಆಮೇಲೆ ಸಿಸ್ಟರ್ ಹೇಳಿದರು. ಅಪ್ಪನಿಗೆ ನೋವೇ ಗೊತ್ತಾಗಿರಲಿಲ್ಲ. ಅದು ನನ್ನನ್ನು ಹೆಚ್ಚು ಹೆದರಿಸಿತು.

ಅವತ್ತಿನಿಂದ ಅಪ್ಪ ಪ್ರತಿ ಸುರುಳಿಯನ್ನೂ ಪರೀಕ್ಷೆ ಮಾಡಲು ಶುರು ಮಾಡಿದರು. ಊರಿಂದ ಪಿಕ್ ಗ್ಲಾಸ್ ತರಿಸಿದರು. ಎಳೆ ಎಣಿಸುವ ಪುಟ್ಟ ಭೂತಗನ್ನಡಿ, ನೇಕಾರರ ಮನೆಗಳಲ್ಲಿ ಇರುತ್ತದೆ. ಮಂಚದ ಮೇಲೆ ಕೂತು ಹಾಸು ಎಷ್ಟು, ಹೊಕ್ಕು ಎಷ್ಟು ಎಣಿಸಿ ನನಗೆ ಹೇಳುವರು, ನಾನು ಬರೆದುಕೊಳ್ಳುವೆ. ಒಂದೇ ಬೆಲೆಯ ಎರಡು ಸುರುಳಿಗಳಲ್ಲಿ ಒಂದಕ್ಕೆ ಇಂಚಿಗೆ 38 ಹಾಸು ಬಂತು, ಇನ್ನೊಂದಕ್ಕೆ 26. ಕಣ್ಣಿಗೆ ಎರಡೂ ಒಂದೇ ಥರ ಬಿಳಿ. 26ರದ್ದು ಮೂರನೇ ಸುತ್ತಿಗೇ ಜಾಳು ಜಾಳಾಗಿ ಹಗ್ಗದಂತೆ ಮುದುಡಿಕೊಳ್ಳುತ್ತಿತ್ತು.

ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ರಾಷ್ಟ್ರಧ್ವಜ ತಯಾರಿಸುತ್ತಾರೆ, ಎಲ್ಲರಿಗೂ ಗೊತ್ತಿದೆ ಅಲ್ವಾ. ಅಲ್ಲಿ ಬಟ್ಟೆಯ ಎಳೆ, ಬಣ್ಣ, ಅಳತೆ, ಹೊಲಿಗೆ ಎಲ್ಲವನ್ನೂ ಐಎಸ್ 1 ಅನ್ನುವ ಮಾನದಂಡಕ್ಕೆ ಹಿಡಿದು ನೋಡುತ್ತಾರೆ. ಅಪ್ಪ ಅದನ್ನು ನೆನೆದು ಒಂದು ಮಾತು ಕೇಳಿದರು. "ಬಾವುಟದ ಬಟ್ಟಿ ಎಳಿ ಎಣಸ್ತಾರ. ಛಲೋ ಆತು. ಗಾಯದ ಬಟ್ಟಿ ಎಳಿ ಯಾರು ಎಣಸ್ತಾರ?" ಕಾನೂನಿನಲ್ಲಿ ಅದಕ್ಕೂ ಜಾಗ ಇದೆ. 1945ರ ಔಷಧ ನಿಯಮಗಳ ಶೆಡ್ಯೂಲ್ ಎಫ್-2 ಇರುವುದೇ ಗಾಜ್, ಬ್ಯಾಂಡೇಜ್ ಬಟ್ಟೆ ಇಂಥವುಗಳ ಗುಣಮಟ್ಟಕ್ಕೆ. ಆದರೆ ನಾನು ಕೊಂಡ ಸುರುಳಿಗಳಲ್ಲಿ ಹೆಚ್ಚಿನವುಗಳ ಹೊದಿಕೆಯ ಮೇಲೆ ಅಗಲ, ಉದ್ದ, ಬೆಲೆ ಬಿಟ್ಟರೆ ಕೊಳ್ಳುವವರಿಗೆ ಉಪಯೋಗ ಆಗುವ ಮಾತು ಇರಲಿಲ್ಲ. ಉದ್ದವೂ ಎಷ್ಟೋ ಸಲ ಸುಳ್ಳು. 4 ಮೀಟರ್ ಅಂತ ಬರೆದಿದ್ದ ಒಂದನ್ನು ಅಪ್ಪ ಮೊಳ ಹಾಕಿ ಅಳೆದು ಕಡಿಮೆ ಇದೆ ಅಂದರು. ಟೇಪ್ ಹಿಡಿದರೆ 3 ಮೀಟರ್ 20 ಸೆಂಟಿಮೀಟರ್ ಬಂತು.

ಮನೆಯಲ್ಲಿ ನೀವೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಬಟ್ಟಲಲ್ಲಿ ನೀರು ತಗೊಂಡು ಒಂದು ತುಂಡು ಗಾಜ್ ಮೇಲಿಂದ ಮೆಲ್ಲಗೆ ಬಿಡಿ. ಒಳ್ಳೆಯ ಗಾಜ್ ಹತ್ತು ಸೆಕೆಂಡಿನ ಒಳಗೆ ಮುಳುಗಬೇಕು. ಹತ್ತಿಗೆ ಹುಟ್ಟಿನಿಂದಲೇ ಒಂದು ಮೇಣದ ಅಂಶ ಇರುತ್ತದೆ, ಅದು ನೀರನ್ನು ದೂಡುತ್ತದೆ. ಅದನ್ನು ಕ್ಷಾರದ ನೀರಲ್ಲಿ ಕುದಿಸಿ ತೆಗೆದು, ಬ್ಲೀಚ್ ಮಾಡಿದರೆ ಮಾತ್ರ ಬಟ್ಟೆ ಹೀರಿಕೊಳ್ಳುತ್ತದೆ. ಈ ಕೆಲಸ ಅರ್ಧಂಬರ್ಧ ಆಗಿದ್ದರೆ ತುಂಡು ತೇಲುತ್ತಾ ಇರುತ್ತದೆ. ನಾವು ತಂದವುಗಳಲ್ಲಿ ಒಂದು ತೇಲಿತು. ಗಾಯದಿಂದ ಬರುವ ನೀರನ್ನು ಅದು ಹೇಗೆ ಹೀರಬೇಕು? ಸುಮ್ನೆ ಮೇಲೆ ಕೂತಿರುತ್ತದೆ, ಕೆಳಗೆ ಚರ್ಮ ಬೆಳ್ಳಗೆ ನೆನೆದು ಮೆತ್ತಗಾಗುತ್ತದೆ.

ಪ್ಯಾಕಿಂಗ್ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. 12 ಸುರುಳಿಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿರುತ್ತಾರೆ. ಅಂಗಡಿಯವರು ಚೀಲ ಹರಿದು ಒಂದು ತೆಗೆದು ಕೊಡುತ್ತಾರೆ, ಉಳಿದ 11 ತೆರೆದೇ ಇರುತ್ತವೆ, ಧೂಳಿನ ರಸ್ತೆಯ ಪಕ್ಕದ ಕಪಾಟಿನಲ್ಲಿ. ಈ ಸುರುಳಿಗಳು ಬಹುತೇಕ ಸ್ಟೆರೈಲ್ (ರೋಗಾಣು ಇಲ್ಲದಂತೆ ಮಾಡಿದ್ದು) ಅಲ್ಲ, ಗಾಯಕ್ಕೆ ನೇರವಾಗಿ ತಾಗಬಾರದು, ಒಳಗೆ ಸ್ಟೆರೈಲ್ ಗಾಜ್ ತುಂಡು ಇಟ್ಟು ಮೇಲೆ ಇದನ್ನು ಸುತ್ತಬೇಕು. ಇದು ಆಸ್ಪತ್ರೆಯವರಿಗೆ ಗೊತ್ತು. ಮನೆಯವರಿಗೆ ಹೇಗೆ ಗೊತ್ತಾಗಬೇಕು? ಒಂದು ಅಂಗಡಿಯಲ್ಲಿ ನನ್ನ ಪಕ್ಕ ನಿಂತಿದ್ದ ಕಾಕಾ ಒಬ್ಬರು ಎತ್ತು ಹಾಯ್ದ ಮೊಣಕೈಗೆ ಅಂತ ಬರೀ ಸುರುಳಿ ಒಂದನ್ನೇ ಕೇಳಿದರು. ಅಂಗಡಿಯವರು ಒಳ್ಳೆಯವರು, "ಕಾಕಾ, ಒಳಗ ಇಡೂ ಗಾಜ್ ಬ್ಯಾರೆ ಇರ್ತೈತ್ರಿ, ಅದನ್ನೂ ಒಯ್ರಿ" ಅಂತ ಹೇಳಿ ಕೊಟ್ಟರು. ಎಲ್ಲರೂ ಹಾಗೆ ಹೇಳುವುದಿಲ್ಲ. ಆ ಒಂದು ಸಾಲನ್ನು ಕನ್ನಡದಲ್ಲಿ ಹೊದಿಕೆಯ ಮೇಲೆ ಅಚ್ಚು ಹಾಕಲು ಎಷ್ಟು ಖರ್ಚಾಗುತ್ತದೆ?

ನನ್ನ ಒಟ್ಟು ತಕರಾರು ಇದೇ. ಈ ವಸ್ತುವನ್ನು ನರ್ಸ್ ಕೈಗೆ ಅಂತ ಮಾಡಿದ್ದಾರೆ. ಆದರೆ ಮಾಯಲು ತಿಂಗಳುಗಟ್ಟಲೆ ಹಿಡಿಯುವ ಗಾಯಕ್ಕೆ ಹೆಚ್ಚಿನ ದಿನ ಕಟ್ಟುವುದು ಹೆಂಡತಿ, ಮಗಳು, ಸೊಸೆ, ಮೊಮ್ಮಗ. ಅವರಿಗೆ ಒಂದೇ ಕೈ ಖಾಲಿ ಇರುತ್ತದೆ, ಇನ್ನೊಂದು ಕೈಯಲ್ಲಿ ಕಾಲು ಎತ್ತಿ ಹಿಡಿದಿರುತ್ತಾರೆ.

ಸುರುಳಿ ಕೈ ಜಾರುವುದನ್ನೇ ನೋಡಿ. ಬ್ಯಾಂಡೇಜ್ ಕಟ್ಟಿದವರಿಗೆಲ್ಲ ಇದು ಗೊತ್ತು. ಎರಡು ಸುತ್ತು ಹಾಕುವಷ್ಟರಲ್ಲಿ ಕೈ ತಪ್ಪಿ ನೆಲಕ್ಕೆ ಬಿದ್ದು, ಮಂಚದ ಕೆಳಗಿನ ಧೂಳೆಲ್ಲ ಒರೆಸಿಕೊಂಡು ಬಿಚ್ಚುತ್ತಾ ಹೋಗುತ್ತದೆ. ಅದನ್ನು ಎಸೆಯಬೇಕು. ಎಷ್ಟು ಮನೆಗಳಲ್ಲಿ 20 ರೂಪಾಯಿ ಅಂತ ಅದನ್ನೇ ಝಾಡಿಸಿ ಮತ್ತೆ ಸುತ್ತುತ್ತಾರೋ. ಇದಕ್ಕೆ ಉತ್ತರ ಈಗಾಗಲೇ ಇದೆ. ಯುದ್ಧಭೂಮಿಗೆ ಅಂತ ಮಾಡುವ ಕೆಲವು ಬ್ಯಾಂಡೇಜ್‌ಗಳಲ್ಲಿ ನಡುನಡುವೆ ಚಿಕ್ಕ ವೆಲ್ಕ್ರೋ ತುಂಡುಗಳಿರುತ್ತವೆ. ಕೈ ತಪ್ಪಿದರೂ ಪೂರ್ತಿ ಬಿಚ್ಚದೆ ಅಲ್ಲೇ ನಿಲ್ಲುತ್ತದೆ. 20 ರೂಪಾಯಿಯ ಸುರುಳಿಗೆ ವೆಲ್ಕ್ರೋ ಹಾಕಿ ಅಂತ ನಾನು ಕೇಳುವುದಿಲ್ಲ. ಒಂದೊಂದು ಮೀಟರಿಗೆ ಎಳೆದರೆ ಹರಿಯುವಂಥ ಒಂದು ಸಡಿಲ ಹೊಲಿಗೆ ಸಾಕಲ್ಲ? ಅಪ್ಪ ಸೂಜಿ ದಾರ ತಗೊಂಡು ಮಾಡಿ ತೋರಿಸಿದರು. ಬೇಕಂತಲೇ ಕೆಳಗೆ ಬಿಟ್ಟರೆ ಮೊಳ ಬಿಚ್ಚಿ ನಿಂತಿತು. ಕೈಯಲ್ಲಿ ಎಳೆದರೆ ಟಕ್ ಅಂತ ಬಿಟ್ಟುಕೊಂಡಿತು.

ಕೊನೆಯ ತುದಿ ಇನ್ನೊಂದು ತೊಂದರೆ. ಸಾದಾ ಸುರುಳಿಯ ತುದಿಯನ್ನು ಉದ್ದಕ್ಕೆ ಹರಿದು ಎರಡು ಬಾಲ ಮಾಡಿ ಗಂಟು ಹಾಕುವುದು ರೂಢಿ. ಹರಿದಾಗ ಮತ್ತೆ ಎಳೆಗಳ ರಾಶಿ. ಗಂಟು ಗಾಯದ ಮೇಲೆ ಬರಬಾರದು, ಮೂಳೆಯ ಮೇಲೆ ಬರಬಾರದು, ಪಾದದ ಕೆಳಗಂತೂ ಬರಲೇಬಾರದು. ನಾನು ಗಂಟು ಬಿಟ್ಟು ಮೈಕ್ರೋಪೋರ್ ಅನ್ನುವ ಕಾಗದದಂಥ ಅಂಟು ಟೇಪ್ ಹಚ್ಚಲು ಶುರು ಮಾಡಿದೆ, ಚರ್ಮಕ್ಕಲ್ಲ, ಬ್ಯಾಂಡೇಜ್ ಮೇಲೆಯೇ. ಅದು ಚೆನ್ನಾಗಿ ಕೂರುತ್ತದೆ.

ಈಗ ಕ್ರೇಪ್ ಬ್ಯಾಂಡೇಜ್. ಉಳುಕಿದಾಗ ಸುತ್ತುವ, ಮೈಬಣ್ಣದ ಆ ಹಿಗ್ಗುವ ಪಟ್ಟಿ. 4 ಇಂಚಿನದಕ್ಕೆ ನಾನು 180 ರೂಪಾಯಿ ಕೊಟ್ಟೆ. ಹತ್ತಿ ಕ್ರೇಪ್‌ನಲ್ಲಿ ನೂಲನ್ನು ಅತಿಯಾಗಿ ತಿರುಚಿರುತ್ತಾರೆ, ಆ ತಿರುವೇ ಸ್ಪ್ರಿಂಗ್ ಥರ ಎಳೆದು ಹಿಡಿಯುತ್ತದೆ. ಬಳಸಿ ಬಳಸಿ ಸಡಿಲಾದರೆ ಉಗುರುಬೆಚ್ಚಗಿನ ನೀರು, ಸೋಪು ಹಾಕಿ ತೊಳೆದು, ಹಿಂಡದೆ ನೆರಳಲ್ಲಿ ಹರವಿದರೆ ಮತ್ತೆ ಬಿಗಿ ಬರುತ್ತದೆ. ಅಪ್ಪನಿಗೆ ಈ ಬಟ್ಟೆ ಬಹಳ ಹಿಡಿಸಿತು. ಅಂಚೂ ನೇಯ್ದ ಅಂಚು. "ಇದನ್ನ ನೇಯ್ದಾಂವ ನೇಕಾರ" ಅಂದರು.

ಆದರೆ ಅದೇ ಬ್ಯಾಂಡೇಜ್ ನಮಗೆ ದೊಡ್ಡ ಪೆಟ್ಟು ಕೊಡುವುದರಲ್ಲಿತ್ತು. ಗಾಜ್ ಜಾರುತ್ತದೆ ಅಂತ ಒಂದು ದಿನ ಅದರ ಮೇಲೆ ಕ್ರೇಪ್ ಸುತ್ತಿದೆ. ಡಾಕ್ಟರನ್ನು ಕೇಳಿರಲಿಲ್ಲ. ಸಂಜೆ ಕಾಲು ನೋಡಿದರೆ ಬೆರಳುಗಳು ತಣ್ಣಗೆ, ನೀಲಿಗೆ ತಿರುಗಿದ್ದವು. ತಕ್ಷಣ ಬಿಚ್ಚಿದೆ, ಅರ್ಧ ಗಂಟೆಯಲ್ಲಿ ಬಣ್ಣ ಬಂತು. ಅಪ್ಪ ಅಲ್ಲೇ ಟಿವಿ ನೋಡುತ್ತಾ ಕೂತಿದ್ದರು. ಏನೂ ಅನಿಸಿರಲಿಲ್ಲ ಅವರಿಗೆ.

ಮರುದಿನ ಡಾಕ್ಟರ್ ಪಾದಕ್ಕೆ ಸ್ಪರ್ಶ ಇದೆಯೋ ಇಲ್ಲವೋ ಅಂತ ಒಂದು ಪರೀಕ್ಷೆ ಮಾಡಿದರು. ಸಣ್ಣ ಹಿಡಿಕೆಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ. ಅದನ್ನು ಪಾದಕ್ಕೆ ಒತ್ತಿ ಬಾಗಿಸಿದರೆ 10 ಗ್ರಾಂ ಭಾರ ಬೀಳುತ್ತದಂತೆ. ಕಣ್ಣು ಮುಚ್ಚಿ ಮಲಗಿ, ತಾಗಿದಾಗ ಹೇಳಬೇಕು. ಅಪ್ಪ ಮಲಗಿದರು. ಡಾಕ್ಟರ್ ಹೆಬ್ಬೆರಳಿಗೆ, ಪಾದದ ಉಬ್ಬಿಗೆ, ಹಿಮ್ಮಡಿಗೆ ಒತ್ತುತ್ತಾ ಹೋದರು. ಅಪ್ಪ ಸುಮ್ಮನಿದ್ದರು. ಕೊನೆಗೆ "ಇನ್ನೂ ಚಾಲೂ ಮಾಡಿಲ್ಲೇನ್ರಿ?" ಅಂತ ಕೇಳಿದರು. ಕತ್ತಲಲ್ಲೂ ಮಗ್ಗದ ಮಣೆ ತುಳಿದು, ಒಂದು ಎಳೆ ತುಂಡಾದರೆ ಕಾಲಿಗೇ ಗೊತ್ತಾಗುತ್ತದೆ ಅಂತ ಹೇಳುತ್ತಿದ್ದ ಮನುಷ್ಯ. ನಾನು ಹೊರಗೆ ಬಂದು ಸ್ವಲ್ಪ ಹೊತ್ತು ನಿಂತೆ.

ಸಕ್ಕರೆ ಕಾಯಿಲೆ ಇರುವವರಿಗೆ ರಕ್ತ ಓಡಾಟ ನೋಡದೆ ಬಿಗಿ ಬ್ಯಾಂಡೇಜ್ ಕಟ್ಟಲೇಬೇಡಿ, ಮೊದಲು ಡಾಕ್ಟರನ್ನು ಕೇಳಿ. ಆದರೆ ನನ್ನ ಪ್ರಶ್ನೆ ಬೇರೆ. ಕಟ್ಟಿಸಿಕೊಂಡವರಿಗೆ ಬಿಗಿ ಗೊತ್ತಾಗುವುದಿಲ್ಲ, ಕಟ್ಟುವವರಿಗೂ ಅಂದಾಜಿಲ್ಲ ಅಂದಾಗ, ಬಟ್ಟೆಯೇ ಹೇಳಬೇಕಲ್ಲವಾ? ಕಾಲನ್ನು ಒತ್ತಿ ಹಿಡಿಯುವ ಕೆಲವು ಕಂಪ್ರೆಷನ್ ಬ್ಯಾಂಡೇಜ್‌ಗಳ ಮೇಲೆ ಉದ್ದಕ್ಕೂ ಚಿಕ್ಕ ಆಯತಗಳನ್ನು ಅಚ್ಚು ಹಾಕಿರುತ್ತಾರೆ. ಸರಿಯಾದಷ್ಟು ಎಳೆದಾಗ ಆಯತ ಚೌಕವಾಗುತ್ತದೆ. ಚೌಕ ಕಂಡರೆ ಸಾಕು, ಅದಕ್ಕಿಂತ ಜಾಸ್ತಿ ಎಳೆಯಬಾರದು. ಕೆಲವುಗಳಲ್ಲಿ ನಟ್ಟನಡುವೆ ಬಣ್ಣದ ಗೆರೆಯೂ ಇರುತ್ತದೆ, ಮುಂದಿನ ಸುತ್ತಿನ ಅಂಚು ಆ ಗೆರೆಗೆ ಬರಬೇಕು, ಆಗ ಅರ್ಧಕ್ಕರ್ಧ ಮೇಲೆ ಕೂತು ಎಲ್ಲ ಕಡೆ ಒಂದೇ ಬಿಗಿ. ಎಷ್ಟು ಸುಲಭ ನೋಡಿ. ಓದು ಬರದವರಿಗೂ ತಿಳಿಯುತ್ತದೆ. ಇದನ್ನು ಮಾಡಿದವರಿಗೆ ಕೈ ಮುಗಿಯಬೇಕು. ನಾನು ಹುಬ್ಬಳ್ಳಿಯಲ್ಲಿ ಐದಾರು ಅಂಗಡಿ ಕೇಳಿದೆ, ಈ ಥರದ್ದು ಒಂದೂ ಇರಲಿಲ್ಲ. ಸಾದಾ ಕ್ರೇಪ್ ಮಾತ್ರ.

ಕ್ರೇಪ್ ಜೊತೆ ಬರುವ ಹಲ್ಲಿನ ಕ್ಲಿಪ್‌ಗಳನ್ನು ದಯವಿಟ್ಟು ಬಳಸಬೇಡಿ. ಸ್ಪರ್ಶ ಇಲ್ಲದ ಕಾಲಿಗಂತೂ ಬೇಡವೇ ಬೇಡ. ಹಾಸಿಗೆಯಲ್ಲಿ ಬಿದ್ದರೆ ಹುಡುಕುವುದೇ ಕೆಲಸ, ಚುಚ್ಚಿದರೆ ಇನ್ನೊಂದು ಗಾಯ.

ತನಗೆ ತಾನೇ ಅಂಟುವ ಬ್ಯಾಂಡೇಜ್ ಅಂತ ಒಂದಿದೆ, ಬಣ್ಣಬಣ್ಣದಲ್ಲಿ ಬರುತ್ತದೆ, ಆಟಗಾರರು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಾರೆ. ಚರ್ಮಕ್ಕಾಗಲೀ ಕೂದಲಿಗಾಗಲೀ ಅಂಟುವುದಿಲ್ಲ. ಕೈಯಲ್ಲೇ ಹರಿಯಬಹುದು, ಗಂಟು ಬೇಡ, ಕ್ಲಿಪ್ ಬೇಡ. ಮನೆಯವರ ಕೈಗೆ ಇದು ಹೇಳಿ ಮಾಡಿಸಿದ್ದು ಅನಿಸಿತು. ಆದರೆ ಹಿಗ್ಗಿ ಎಳೆಯುವುದರಿಂದ ಇದರಲ್ಲೂ ಬಿಗಿಯ ಅಪಾಯ ಇದೆ. ಕೆಲವಲ್ಲಿ ರಬ್ಬರಿನ ಹಾಲಾದ ಲೇಟೆಕ್ಸ್ ಇರುತ್ತದೆ, ಅದು ಒಗ್ಗದವರಿಗೆ ದದ್ದು ಏಳುತ್ತದೆ. ಒಂದೇ ಸಲದ ಬಳಕೆ, ದಿನಾ ಹಾಕಲು ನಮ್ಮ ಜೇಬಿಗೆ ಆಗಲಿಲ್ಲ. ಬಲೆಯಂಥ ನೆಟ್ ಬ್ಯಾಂಡೇಜ್ ಸಿಕ್ಕಿತು, ತಲೆಗೆ, ಮೊಣಕಾಲಿಗೆ ಒಳ್ಳೆಯದು, ಬೆರಳಿನ ಗಾಯಕ್ಕೆ ಪ್ರಯೋಜನ ಇಲ್ಲ.

ನಮಗೆ ಕೊನೆಗೆ ಒಗ್ಗಿದ್ದು ಸುಕ್ಕು ಸುಕ್ಕಾಗಿ ಸ್ವಲ್ಪವೇ ಹಿಗ್ಗುವ ಮೆತ್ತನೆಯ ಗಾಜ್ ಸುರುಳಿ. ಕನ್‌ಫಾರ್ಮಿಂಗ್ ಬ್ಯಾಂಡೇಜ್ ಅಂತ ಬರೆದಿರುತ್ತದೆ. ಒಂದೊಂದಕ್ಕೂ ಬೇರೆ ಹೊದಿಕೆ. ಅಂಚು ಬಿಚ್ಚಲಿಲ್ಲ, ಹಿಮ್ಮಡಿಯ ತಿರುವಿಗೆ ತಾನೇ ಒಗ್ಗಿಕೊಂಡಿತು, ಬಿಗಿಯೂ ಆಗಲಿಲ್ಲ. 45 ರೂಪಾಯಿ. ಸಾದಾ ಸುರುಳಿಯ ಸುಮಾರು ಎರಡು ಪಟ್ಟು. ಆದರೆ ಜಾರದ ಕಾರಣ ಮಧ್ಯಾಹ್ನ ಮತ್ತೊಮ್ಮೆ ಕಟ್ಟುವುದು ತಪ್ಪಿತು. ಲೆಕ್ಕ ಹಾಕಿದರೆ ಅಷ್ಟೇ ಖರ್ಚು. ನಾನು ಯಾರಿಗಾದರೂ ಒಂದನ್ನು ಹೇಳಬೇಕು ಅಂದರೆ ಇದನ್ನೇ ಹೇಳುತ್ತೇನೆ.

ಗಾಯಕ್ಕೆ ತಾಗುವ ಪದರದ ಬಗ್ಗೆ ಎರಡು ಮಾತು. ಒಣ ಗಾಜ್ ಇಟ್ಟರೆ ಮರುದಿನ ಅಂಟಿಕೊಂಡಿರುತ್ತದೆ. ಎಳೆದರೆ ಹೊಸದಾಗಿ ಬೆಳೆದ ಕೆಂಪು ಮಾಂಸವೂ ಕಿತ್ತು ಬರುತ್ತದೆ, ರಕ್ತ ಬರುತ್ತದೆ. ನಾರ್ಮಲ್ ಸಲೈನ್ (ಗಾಯ ತೊಳೆಯುವ ಉಪ್ಪುನೀರು) ಹಾಕಿ ನೆನೆಸಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಬಾಟಲಿ ತೆರೆದ ಮೇಲೆ 24 ಗಂಟೆ ಆದರೆ ಉಳಿದದ್ದನ್ನು ಚೆಲ್ಲಿ. ನಮಗೆ ಡಾಕ್ಟರ್ ಪ್ಯಾರಾಫಿನ್ ಗಾಜ್ ಬರೆದುಕೊಟ್ಟರು, ವ್ಯಾಸಲೀನ್ ಥರದ ಜಿಡ್ಡು ಸವರಿದ ಜಾಳು ಬಟ್ಟೆ, ಅದು ಅಂಟುವುದಿಲ್ಲ. ಇದರ ಮೊದಲ ರೂಪವನ್ನು ಮಾಡಿದ್ದು ಫ್ರಾನ್ಸಿನ ಆಗುಸ್ತ್ ಲೂಮಿಯೇರ್, ತಮ್ಮನ ಜೊತೆ ಸೇರಿ 1895ರಲ್ಲಿ ಜನರಿಗೆ ಸಿನಿಮಾ ತೋರಿಸಿದರಲ್ಲ, ಅವರೇ. ಓದಿ ಖುಷಿಯಾಯಿತು.

ಆದರೆ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ. "ಗಾಯ ಒಣಗೇತೇನ್ರಿ?" ನಮ್ಮ ಮಾತಿನಲ್ಲಿ ಗಾಯ ವಾಸಿಯಾಯಿತು ಅನ್ನುವುದಕ್ಕೂ ಒಣಗಿತು ಅಂತಲೇ ಹೇಳುತ್ತೇವೆ. ಹಾಗಾಗಿ ಬಿಚ್ಚಿ ಗಾಳಿಗೆ ಬಿಡ್ರಿ, ಅರಿಶಿಣ ಹಾಕ್ರಿ, ಬದನೆಕಾಯಿ ಕೊಡಬ್ಯಾಡ್ರಿ ನಂಜು ಆಗ್ತೈತಿ ಅಂತ ಸಲಹೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ 1962ರಲ್ಲೇ ಜಾರ್ಜ್ ವಿಂಟರ್ ಅನ್ನುವವರು ಹಂದಿಗಳ ಮೇಲಿನ ಚಿಕ್ಕ ಗಾಯಗಳನ್ನು ನೋಡಿ, ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಚರ್ಮ ಬೇಗ ಬೆಳೆಯುತ್ತದೆ ಅಂತ ತೋರಿಸಿದ್ದರು. ತೇವ ಅಂದರೆ ಸೋರುವುದಲ್ಲ. ಮಾಯಲು ಬೇಕಾದಷ್ಟು ತೇವ. ಅಂದರೆ ಒಳಗಿನ ಪದರ ಅದನ್ನು ಉಳಿಸಬೇಕು, ಜಾಸ್ತಿ ಆದದ್ದನ್ನು ಹೊರಗಿನ ಪದರ ಹೀರಬೇಕು, ಸುರುಳಿ ಎರಡನ್ನೂ ಜಾಗ ಬಿಡದಂತೆ ಹಿಡಿಯಬೇಕು. ಮೂರು ಕೆಲಸ, ಮೂರು ವಸ್ತು. ಅಂಗಡಿಯಲ್ಲಿ ಮೂರನ್ನೂ ಸೇರಿಸಿ, ಒಂದು ದಿನದ್ದು ಅಂತ ಒಂದೇ ಪೊಟ್ಟಣ ಮಾಡಿ ಕೊಟ್ಟರೆ ಎಷ್ಟು ಜನರ ತಪ್ಪು ತಪ್ಪುತ್ತದೆ.

ಸುತ್ತುವ ಕ್ರಮ ಸಿಸ್ಟರ್ ಕಲಿಸಿದ್ದು. ಸುರುಳಿಯ ದಪ್ಪ ಭಾಗ ಮೇಲ್ಮುಖವಾಗಿ ಇರಲಿ, ಆಗ ಅದು ಕಾಲಿನ ಮೇಲೆಯೇ ಉರುಳುತ್ತಾ ಬಿಚ್ಚುತ್ತದೆ. ಬೆರಳ ಕಡೆಯಿಂದ ಮೇಲಕ್ಕೆ ಹೋಗಿ, ಮೇಲಿನಿಂದ ಕೆಳಕ್ಕಲ್ಲ. ಬೆರಳ ತುದಿಗಳು ಕಾಣುತ್ತಿರಲಿ. ಕಟ್ಟಿದ ಮೇಲೆ ಉಗುರು ಒತ್ತಿ ಬಿಡಿ, ಬೆಳ್ಳಗಾದದ್ದು ಎರಡು ಸೆಕೆಂಡಿನಲ್ಲಿ ಕೆಂಪಾಗಬೇಕು. ತಡವಾದರೆ ಬಿಚ್ಚಿ ಮತ್ತೆ ಕಟ್ಟಿ. ಹರಡಿನ, ಅಂದರೆ ಪಾದ ಕಾಲಿಗೆ ಸೇರುವ ಕೀಲಿನ, ಹತ್ತಿರ ಎಂಟರ ಆಕಾರದಲ್ಲಿ ಅಡ್ಡಡ್ಡ ಸುತ್ತಬೇಕು, ಇಲ್ಲದಿದ್ದರೆ ನಡೆದಾಗ ಜಾರುತ್ತದೆ. ಸುಶ್ರುತ ಸಂಹಿತೆಯಲ್ಲಿ 14 ಬಗೆಯ ಕಟ್ಟುಗಳನ್ನು ಹೆಸರಿಸಿದ್ದಾರೆ, ಕೀಲುಗಳಿಗೆ ಹಾಕುವ ಹೀಗೆ ಅಡ್ಡ ಹಾಯುವ ಕಟ್ಟಿಗೆ ಅಲ್ಲಿ ಸ್ವಸ್ತಿಕ ಅಂತ ಹೆಸರು. ಕಟ್ಟುವ ಕಲೆ ಅಷ್ಟು ಹಳೆಯದು, ಸುರುಳಿಯ ಅಂಚು ಮಾತ್ರ ಇನ್ನೂ ಬಿಚ್ಚುತ್ತಲೇ ಇದೆ.

ಅಪ್ಪನಿಗೆ ಈ ಅಂಚಿನ ಚಿಂತೆ ಬಿಡಲೇ ಇಲ್ಲ. ಮಂಚಕ್ಕೆ ಹೆಣೆಯುವ ನವಾರ ಪಟ್ಟಿಗೆ ಎರಡೂ ಕಡೆ ಅಂಚು ಇರುತ್ತದಲ್ಲ, ಹಾಗೆ 4 ಇಂಚು ಅಗಲಕ್ಕೇ ನೇಯ್ದರೆ ಕತ್ತರಿಸುವ ಮಾತೇ ಇಲ್ಲ ಅಂದರು. ಬೆಟಗೇರಿಯಲ್ಲಿ ಈಗಲೂ ಮಗ್ಗ ನಡೆಸುವ ಅಳಿಯನಿಗೆ ಫೋನ್ ಹಚ್ಚಿ ಅರ್ಧ ಗಂಟೆ ಮಾತಾಡಿದರು. ಹಣಿಗೆ ಎಷ್ಟು, ನೂಲು ಎಷ್ಟನೇ ನಂಬರಿನದು, ಹೊಕ್ಕು ಎಷ್ಟು ಸಡಿಲ ಬಡಿಯಬೇಕು, ಎಲ್ಲ. ಮೂರು ವಾರಕ್ಕೆ ಬಸ್ಸಿನಲ್ಲಿ ಒಂದು ಪಟ್ಟಿ ಬಂತು, ಎರಡೂವರೆ ಮೀಟರ್. ಅಂಚು ನೋಡಿ ನನಗೆ ಕಣ್ಣು ತುಂಬಿತು. ಎಳೆದರೂ ಉಜ್ಜಿದರೂ ಒಂದು ಎಳೆ ಬರಲಿಲ್ಲ. ನೀರಿಗೆ ಹಾಕಿದೆವು. ತೇಲಿತು. ಹಾಸಿನ ನೂಲಿಗೆ ಹಚ್ಚಿದ ಗಂಜಿ ಹಾಗೇ ಇತ್ತು, ಹತ್ತಿಯ ಮೇಣವೂ ಹಾಗೇ ಇತ್ತು. ವಾಷಿಂಗ್ ಸೋಡಾ ಹಾಕಿ ಒಂದು ತಾಸು ಕುದಿಸಿ, ನಾಲ್ಕು ನೀರಲ್ಲಿ ಜಾಲಾಡಿ ಒಣಗಿಸಿ ಮತ್ತೆ ಹಾಕಿದೆ. ಏಳೆಂಟು ಸೆಕೆಂಡಿಗೆ ಮುಳುಗಿತು.

ಅದನ್ನು ಗಾಯಕ್ಕೆ ಕಟ್ಟಲಿಲ್ಲ, ಕಟ್ಟುವುದೂ ತಪ್ಪು. ಅಷ್ಟೊತ್ತಿಗೆ ಗಾಯವೂ ಮುಚ್ಚಿತ್ತು. ಅಪ್ಪ ಎಡಗಾಲಿಗೆ, ಸರಿ ಇರುವ ಕಾಲಿಗೆ, ಸುತ್ತಿಸಿಕೊಂಡು ಮನೆಯೊಳಗೆ ಓಡಾಡಿ ನೋಡಿದರು. ಅಂಚು ಗಟ್ಟಿ ಆದದ್ದಕ್ಕೆ ಹಿಮ್ಮಡಿಯ ಹತ್ತಿರ ಬಟ್ಟೆ ಬಾಗದೆ ಜಾರಿತು. ಹೊಕ್ಕಿಗೆ ತಿರುವು ಜಾಸ್ತಿ ಇರುವ ನೂಲು ಹಾಕಬೇಕು, ಅಂಚಿನಲ್ಲಿ ಎರಡೆಳೆ ಕಡಿಮೆ ಮಾಡಬೇಕು ಅಂತ ಅವರ ಲೆಕ್ಕ. ಎರಡನೇ ಪಟ್ಟಿ ಈಗ ಮಗ್ಗದ ಮೇಲಿದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಬ್ಯಾಂಡೇಜ್ ಬಟ್ಟೆ ಮಾಡುವವರು ಯಾರಾದರೂ ಇದನ್ನು ಓದಿದರೆ, ಎಳೆ ಎಣಿಸಿ ಬರೆದಿಟ್ಟ ಹಾಳೆ ನನ್ನ ಹತ್ತಿರ ಇದೆ, ಕಳಿಸುತ್ತೇನೆ.